ಸಿಲಿಕಾನ್ ಚಿಪ್ಪಿನಲ್ಲಿ ಹತ್ತು ಲಕ್ಷ ಕ್ಯೂಬಿಟ್: ವಿನ್ಯಾಸದ ನಿಜವಾದ ತೊಡಕು ಎಲ್ಲಿದೆ?

ಟಿಳಕವಾಡಿ ವಿದ್ಯಾರ್ಥಿನಿ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ಸಿಲಿಕಾನ್ ಕ್ಯೂಬಿಟ್‌ಗಳ (ಕ್ವಾಂಟಂ ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಹೊರುವ ಮೂಲ ಘಟಕಗಳ) ವಿಷಯವನ್ನು ಆರಿಸಿಕೊಂಡಿದ್ದೇನೆ. ಓದಿದ ಬರಹಗಳಲ್ಲೆಲ್ಲ ಒಂದೇ ವಾದ ಕಾಣಿಸುತ್ತದೆ: ಇಂದಿನ ಕಾರ್ಖಾನೆಗಳು ಒಂದೇ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರ್‌ಗಳನ್ನು ಮಾಡುತ್ತಿವೆ, ಆದ್ದರಿಂದ ಕ್ಯೂಬಿಟ್ಟನ್ನೂ ಟ್ರಾನ್ಸಿಸ್ಟರಿನ ರೂಪದಲ್ಲೇ ಮಾಡಿದರೆ ಲಕ್ಷಗಟ್ಟಲೆ ಕ್ಯೂಬಿಟ್‌ಗಳು ತಾವಾಗಿಯೇ ಒದಗಿ ಬರುತ್ತವೆ. ಆದರೆ ಬ್ರೂಸ್ ಕೇನ್ ಅವರು ಸಿಲಿಕಾನ್ ಆಧಾರಿತ ಕ್ವಾಂಟಂ ಕಂಪ್ಯೂಟರಿನ ಪ್ರಸ್ತಾಪವನ್ನು ಮುಂದಿಟ್ಟಿದ್ದು 1998ರಲ್ಲಿ. 2022ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ತಂಡ ನಡೆಸಿ ತೋರಿಸಿದ್ದು 6 ಕ್ಯೂಬಿಟ್‌ಗಳನ್ನು, 2023ರಲ್ಲಿ ಇಂಟೆಲ್ ಸಂಶೋಧಕರ ಕೈಗೆ ಕೊಟ್ಟ ‘ಟನಲ್ ಫಾಲ್ಸ್’ ಚಿಪ್ಪಿನಲ್ಲಿರುವುದು 12. ಸಾವಿರ ಕೋಟಿ ಮಾಡಬಲ್ಲ ಕಾರ್ಖಾನೆಗೆ ಹನ್ನೆರಡೇ ಏಕೆ ಸಾಧ್ಯವಾಗಿದೆ ಎಂಬ ಪ್ರಶ್ನೆಗೆ ನನಗೆ ನೇರ ಉತ್ತರ ಸಿಕ್ಕಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ನವನಗರದ ಮಾಸ್ತರ (ಬಾಗಲಕೋಟೆ)

ತಂಗೀ, ಪ್ರಶ್ನೆ ಸರಿಯಾದ ಜಾಗದಲ್ಲಿದೆ. ನಾನು ಕಲಿಸಿದ್ದು ಭೌತಶಾಸ್ತ್ರ. ಚಿಪ್ ವಿನ್ಯಾಸದ ವಿಷಯವನ್ನು ಆ ಕ್ಷೇತ್ರದಲ್ಲಿ ಇರುವವರು ಹೇಳಲಿ. ಮೊದಲು ಒಂದೇ ಒಂದು ಕ್ಯೂಬಿಟ್ಟಿನ ಕಥೆಯನ್ನು ಹೇಳುತ್ತೇನೆ, ಏಕೆಂದರೆ ಅಲ್ಲಿ ಬಹುಪಾಲು ಕೆಲಸ ಮುಗಿದಿದೆ ಎಂಬುದನ್ನು ತಿಳಿದ ಮೇಲೆಯೇ ಉಳಿದ ತೊಡಕು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಕೇನ್ ಅವರ ಯೋಜನೆಯಲ್ಲಿ ಮಾಹಿತಿಯನ್ನು ಹೊರುವುದು ಸಿಲಿಕಾನಿನೊಳಗೆ ಕೂರಿಸಿದ ರಂಜಕ ಪರಮಾಣುವಿನ ನ್ಯೂಕ್ಲಿಯಸ್ಸಿನ ಸ್ಪಿನ್, ಅಂದರೆ ಮೇಲ್ಮುಖ ಅಥವಾ ಕೆಳಮುಖವಾಗಿರಬಲ್ಲ ಪುಟ್ಟ ಅಯಸ್ಕಾಂತದಂಥ ಗುಣ. ಪ್ರತಿ ಪರಮಾಣುವಿನ ಮೇಲೆ ಒಂದು ಗೇಟ್ (ವೋಲ್ಟೇಜ್ ಕೊಡುವ ಪುಟ್ಟ ವಿದ್ಯುದ್ವಾರ) ಇದ್ದು ಅದು ಆ ಪರಮಾಣುವನ್ನು ಶ್ರುತಿಗೆ ತರುತ್ತದೆ. ಎರಡು ಪರಮಾಣುಗಳ ನಡುವೆ ಇನ್ನೊಂದು ಗೇಟ್ ಇದ್ದು ಅದು ಅವೆರಡರ ನಂಟನ್ನು ಬೇಕಾದಾಗ ಜೋಡಿಸಿ, ಬೇಡವಾದಾಗ ಕಡಿಯುತ್ತದೆ. ಅದೇ ವರ್ಷ ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಜೊ ಇನ್ನೊಂದು ದಾರಿಯನ್ನು ಸೂಚಿಸಿದರು: ಪರಮಾಣುವಿನ ಹಂಗಿಲ್ಲದೆ, ಗೇಟುಗಳ ವೋಲ್ಟೇಜಿನಿಂದಲೇ ಒಂದು ಸಣ್ಣ ಗುಂಡಿಯನ್ನು ನಿರ್ಮಿಸಿ, ಅದರಲ್ಲಿ ಒಂದೇ ಎಲೆಕ್ಟ್ರಾನನ್ನು ಹಿಡಿದಿಟ್ಟು, ಅದರ ಸ್ಪಿನ್ನನ್ನು ಕ್ಯೂಬಿಟ್ಟಾಗಿ ಬಳಸುವುದು. ಈ ಗುಂಡಿಯೇ ಕ್ವಾಂಟಂ ಡಾಟ್. ಮೊದಲ ದಾರಿಯಲ್ಲಿ ಪರಮಾಣುವನ್ನು ನ್ಯಾನೋಮೀಟರ್ ಲೆಕ್ಕದಲ್ಲಿ ನಿಖರವಾಗಿ ಕೂರಿಸಬೇಕು. ಸಿಡ್ನಿಯಲ್ಲಿ ಮಿಶೆಲ್ ಸಿಮನ್ಸ್ ಅವರ ತಂಡ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದ ಸೂಜಿಯಿಂದ ಅದನ್ನು ಸಾಧಿಸಿ 2012ರಲ್ಲಿ ಒಂದೇ ಪರಮಾಣುವಿನ ಟ್ರಾನ್ಸಿಸ್ಟರನ್ನು ತೋರಿಸಿತು. ಎರಡನೆಯ ದಾರಿ ಇಂದಿನ ಟ್ರಾನ್ಸಿಸ್ಟರಿಗೆ ಹೆಚ್ಚು ಹತ್ತಿರವಾಗಿರುವುದರಿಂದ ಕಾರ್ಖಾನೆಗಳು ಹಿಡಿದಿರುವುದು ಅದನ್ನೇ.

ಸ್ಪಿನ್ನಿಗೆ ಸಿಲಿಕಾನ್ ಏಕೆ ಒಳ್ಳೆಯ ಮನೆ ಎಂಬುದು ಸ್ವಾರಸ್ಯದ ವಿಷಯ. ನಿಸರ್ಗದಲ್ಲಿ ಸಿಗುವ ಸಿಲಿಕಾನಿನಲ್ಲಿ ಸುಮಾರು 92.2% ಸಿಲಿಕಾನ್-28, 4.7% ಸಿಲಿಕಾನ್-29, 3.1% ಸಿಲಿಕಾನ್-30 ಇರುತ್ತವೆ. ಇವುಗಳಲ್ಲಿ 29ಕ್ಕೆ ಮಾತ್ರ ನ್ಯೂಕ್ಲಿಯರ್ ಸ್ಪಿನ್ ಇದೆ. ಆ ಸ್ಪಿನ್‌ಗಳು ತಮ್ಮಷ್ಟಕ್ಕೆ ಅಲುಗಾಡುತ್ತ ಪಕ್ಕದ ಎಲೆಕ್ಟ್ರಾನಿನ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುತ್ತಿರುತ್ತವೆ. 29ನ್ನು ಬೇರ್ಪಡಿಸಿ ತೆಗೆದು, ಶುದ್ಧೀಕರಿಸಿದ 28ರ ಪದರವನ್ನು ಮಾತ್ರ ಬೆಳೆಸಿದರೆ ಎಲೆಕ್ಟ್ರಾನಿನ ನೆರೆಹೊರೆ ಹೆಚ್ಚುಕಡಿಮೆ ನಿಶ್ಶಬ್ದವಾಗುತ್ತದೆ. ಇಂಥ ಸಿಲಿಕಾನಿನಲ್ಲಿ ಆಂಡ್ರಿಯಾ ಮೊರೆಲ್ಲೊ ಅವರ ತಂಡ 2014ರಲ್ಲಿ ರಂಜಕದ ನ್ಯೂಕ್ಲಿಯಸ್ಸಿನ ಕ್ವಾಂಟಂ ಸ್ಥಿತಿಯನ್ನು 30 ಸೆಕೆಂಡಿಗೂ ಹೆಚ್ಚು ಕಾಲ ಉಳಿಸಿ ತೋರಿಸಿತು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಕಾಲದಲ್ಲಿ ಒಂದು ಗಣನಕ್ರಿಯೆ ಮುಗಿಯುವ ಲೋಕದಲ್ಲಿ 30 ಸೆಕೆಂಡೆಂದರೆ ಯುಗವೇ ಸರಿ.

ಗಣನಕ್ರಿಯೆಯ ನಿಖರತೆಯೂ ಬಂದಿದೆ. 2015ರಲ್ಲಿ ಆಂಡ್ರ್ಯೂ ಜುರಾಕ್ ಅವರ ತಂಡ ಸಿಲಿಕಾನಿನಲ್ಲಿ ಎರಡು ಕ್ಯೂಬಿಟ್‌ಗಳ ಗೇಟ್ (ಇಲ್ಲಿ ಗೇಟ್ ಎಂದರೆ ಗಣನಕ್ರಿಯೆ) ಮಾಡಿತು. 2022ರ ಜನವರಿಯಲ್ಲಿ ಸಿಡ್ನಿ, ಡೆಲ್ಫ್ಟ್ ಮತ್ತು ಜಪಾನಿನ ರಿಕೆನ್ ಸಂಸ್ಥೆಯ ತಂಡಗಳು ಒಟ್ಟಿಗೇ 99%ಕ್ಕೂ ಮಿಕ್ಕ ನಿಖರತೆಯನ್ನು ವರದಿ ಮಾಡಿದವು. ದೋಷ ತಿದ್ದುಪಡಿಗಾಗಿ ಬಳಸುವ ಸರ್ಫೇಸ್ ಕೋಡ್ (ಕ್ಯೂಬಿಟ್‌ಗಳ ಜಾಲದಿಂದ ತಪ್ಪುಗಳನ್ನು ಹಿಡಿದು ತಿದ್ದುವ ವಿಧಾನ) ಕೆಲಸ ಮಾಡಲು ದೋಷ ಸುಮಾರು 1%ಕ್ಕಿಂತ ಕೆಳಗಿರಬೇಕು. ಆ ಹೊಸ್ತಿಲನ್ನು ಸಿಲಿಕಾನ್ ದಾಟಿದೆ. ಆದ್ದರಿಂದ ಹನ್ನೆರಡಕ್ಕೆ ನಿಂತಿರುವುದಕ್ಕೆ ಒಂದೊಂದು ಕ್ಯೂಬಿಟ್ಟಿನ ಗುಣ ಕಾರಣವಲ್ಲ. ಹಲವನ್ನು ಒಟ್ಟಿಗೆ ದುಡಿಸುವ ವ್ಯವಸ್ಥೆಯಲ್ಲಿ ತೊಡಕಿದೆ.

ಉದ್ಯಮಬಾಗ (ಬೆಳಗಾವಿ)

ಮಾಸ್ತರರೇ, ನಾನು ಎರಕದ ಕೆಲಸದವನು. ಕ್ವಾಂಟಂ ನನ್ನ ವಿಷಯವಲ್ಲ. ಆದರೆ ಒಂದು ಮಾತು ಹೊಳೆಯುತ್ತದೆ. ನಮ್ಮಲ್ಲಿ ಒಂದು ಅಚ್ಚಿನಲ್ಲಿ ನೂರು ಬಿಡಿಭಾಗ ಎರಕ ಹೊಯ್ದಾಗ ನಾಲ್ಕು ರಿಜೆಕ್ಷನ್ ಆದರೆ ಅವನ್ನು ಬದಿಗಿಟ್ಟು ತೊಂಬತ್ತಾರನ್ನು ಕಳಿಸುತ್ತೇವೆ. ನೂರೂ ಒಂದಕ್ಕೊಂದು ಬೆಸೆದುಕೊಂಡೇ ಹೊರಬರುವ ವಸ್ತುವಾಗಿದ್ದರೆ ಆ ನಾಲ್ಕನ್ನು ಬದಿಗಿಡುವ ದಾರಿಯೇ ಇರುತ್ತಿರಲಿಲ್ಲ. ಚಿಪ್ಪಿನಲ್ಲಿ ಕ್ಯೂಬಿಟ್‌ಗಳು ಒಂದರ ಪಕ್ಕ ಒಂದು ಅಂಟಿಕೊಂಡೇ ಹುಟ್ಟುತ್ತವೆ ಅಲ್ಲವೇ? ಹಾಗಾದರೆ ಅಲ್ಲಿನ ರಿಜೆಕ್ಷನ್ ಪ್ರಮಾಣ ಎಷ್ಟು, ಕೆಟ್ಟದ್ದನ್ನು ಏನು ಮಾಡುತ್ತಾರೆ?

ವಿಜಯಪುರದ ವಿನ್ಯಾಸಕ

ಉದ್ಯಮಬಾಗದ ಅಣ್ಣಾವರು ವಿಷಯದ ಮರ್ಮಕ್ಕೇ ಕೈ ಹಾಕಿದ್ದಾರೆ. ನಾನು ಊರು ಬಿಟ್ಟು ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೆಲಸದಲ್ಲಿದ್ದೇನೆ, ಆ ಕಡೆಯಿಂದ ಉತ್ತರಿಸುತ್ತೇನೆ.

ಸಾಮಾನ್ಯ ಟ್ರಾನ್ಸಿಸ್ಟರ್ ಎಂದರೆ ಸ್ವಿಚ್ಚು. ಅದರ ಥ್ರೆಶೋಲ್ಡ್ ವೋಲ್ಟೇಜ್, ಅಂದರೆ ಅದು ತೆರೆದುಕೊಳ್ಳುವ ವೋಲ್ಟೇಜ್, ಒಂದರಿಂದ ಒಂದಕ್ಕೆ ಹತ್ತಿಪ್ಪತ್ತು ಮಿಲಿವೋಲ್ಟ್ ಏರುಪೇರಾದರೂ ಸೊನ್ನೆ ಸೊನ್ನೆಯಾಗಿ, ಒಂದು ಒಂದಾಗಿ ಉಳಿಯುತ್ತದೆ, ಏಕೆಂದರೆ ಎರಡರ ನಡುವೆ ನೂರಾರು ಮಿಲಿವೋಲ್ಟ್ ಅಂತರವನ್ನು ನಾವು ಬೇಕೆಂದೇ ಇಟ್ಟಿರುತ್ತೇವೆ. ಚಿಪ್ ಉದ್ಯಮ ಸಾವಿರ ಕೋಟಿಯ ಲೆಕ್ಕಕ್ಕೆ ಏರಿದ್ದು ಈ ಉದಾರ ಅಂತರದ ಬಲದಿಂದ. ಎಲ್ಲ ಟ್ರಾನ್ಸಿಸ್ಟರ್‌ಗಳೂ ತದ್ರೂಪವಾಗಿವೆ ಎಂಬುದು ಹೊರಗಿನವರ ಕಲ್ಪನೆ. ಅವು ತದ್ರೂಪವಾಗಿಲ್ಲ, ತದ್ರೂಪವಾಗಿರಬೇಕಾದ ಅಗತ್ಯವೂ ಇಲ್ಲ.

ಕ್ವಾಂಟಂ ಡಾಟಿನಲ್ಲಿ ಆ ಉದಾರತೆ ಇಲ್ಲ. ಗುಂಡಿಯಲ್ಲಿ ಒಂದು ಎಲೆಕ್ಟ್ರಾನ್ ಇರುವಾಗ ಎರಡನೆಯದನ್ನು ಸೇರಿಸಲು ಬೇಕಾಗುವ ಹೆಚ್ಚುವರಿ ಶಕ್ತಿ ಕೆಲವು ಮಿಲಿ ಎಲೆಕ್ಟ್ರಾನ್-ವೋಲ್ಟ್ ಮಾತ್ರ. ಗೇಟಿನ ವೋಲ್ಟೇಜಿನಲ್ಲಿ ಒಂದು ಅಂಶವಷ್ಟೇ ಗುಂಡಿಗೆ ತಲುಪುವುದರಿಂದ, ‘ಸರಿಯಾಗಿ ಒಂದೇ ಎಲೆಕ್ಟ್ರಾನ್’ ಎಂಬ ಸ್ಥಿತಿ ಉಳಿಯುವ ಕಿಂಡಿ ಗೇಟಿನ ಬಳಿ ಕೆಲವು ಹತ್ತು ಮಿಲಿವೋಲ್ಟ್ ಅಗಲ ಇರುತ್ತದೆ. ಸಿಲಿಕಾನ್ ಮತ್ತು ಅದರ ಆಕ್ಸೈಡ್ ಪದರ ಕೂಡುವ ಜಾಗದಲ್ಲಿ ಎಲ್ಲೋ ಒಂದು ವಿದ್ಯುದಂಶ ಸಿಕ್ಕಿಬಿದ್ದಿದ್ದರೆ ಸಾಕು, ಪಕ್ಕದ ಡಾಟಿನ ಕಿಂಡಿ ಅತ್ತಿತ್ತ ಸರಿದುಬಿಡುತ್ತದೆ. ಆದ್ದರಿಂದ ಇಂದಿನ ಪ್ರಯೋಗಾಲಯಗಳಲ್ಲಿ ಪ್ರತಿಯೊಂದು ಗೇಟಿಗೂ ಹೊರಗಿನಿಂದ ಪ್ರತ್ಯೇಕ ತಂತಿ ಎಳೆದು, ಪ್ರತಿಯೊಂದನ್ನೂ ಬೇರೆ ಬೇರೆ ವೋಲ್ಟೇಜಿಗೆ ಹೊಂದಿಸುತ್ತಾರೆ. ಒಂದು ಡಾಟಿಗೆ ಎರಡು ಮೂರು ಗೇಟುಗಳೆಂದರೂ ಹತ್ತು ಲಕ್ಷ ಕ್ಯೂಬಿಟ್ಟಿಗೆ ಇಪ್ಪತ್ತು ಮೂವತ್ತು ಲಕ್ಷ ತಂತಿ ಬೇಕಾಗುತ್ತದೆ. ಸಾವಿರ ಕೋಟಿ ಟ್ರಾನ್ಸಿಸ್ಟರಿನ ಪ್ರೊಸೆಸರಿನಿಂದ ಹೊರಗೆ ಬರುವ ಪಿನ್ನುಗಳು ಕೆಲವು ಸಾವಿರ ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ತಂಗಿಯವರ ಪ್ರಶ್ನೆಗೆ ಇದೇ ನೇರ ಉತ್ತರ ಎಂದು ನನ್ನ ಅಭಿಪ್ರಾಯ. ಕಾರ್ಖಾನೆ ಸಾವಿರ ಕೋಟಿ ಡಾಟುಗಳನ್ನು ಕೊರೆಯಬಲ್ಲದು. ಆದರೆ ಅವುಗಳಿಗೆಲ್ಲ ಸಾಮೂಹಿಕವಾಗಿ ಒಂದೇ ವೋಲ್ಟೇಜ್ ಕೊಟ್ಟು ದುಡಿಸಿಕೊಳ್ಳುವಷ್ಟು ಏಕರೂಪತೆಯನ್ನು ಇನ್ನೂ ಕೊಡಲಾರದು.

ಜಮಖಂಡಿ ಓದುಗ

ಇಷ್ಟೆಲ್ಲ ತೊಡಕಿರುವಾಗ ಸಿಲಿಕಾನನ್ನೇ ಏಕೆ ಹಿಡಿದು ಕೂರಬೇಕು ಎಂಬುದು ನನ್ನ ಆಕ್ಷೇಪ. ಐಬಿಎಂ 2023ರ ಡಿಸೆಂಬರಿನಲ್ಲಿ 1,121 ಕ್ಯೂಬಿಟ್ಟಿನ ‘ಕಾಂಡರ್’ ಚಿಪ್ಪನ್ನು ಪ್ರಕಟಿಸಿತು. ಗೂಗಲ್ 2024ರ ಡಿಸೆಂಬರಿನಲ್ಲಿ 105 ಕ್ಯೂಬಿಟ್ಟಿನ ‘ವಿಲ್ಲೋ’ದಲ್ಲಿ, ದೋಷ ತಿದ್ದುಪಡಿಯ ಜಾಲವನ್ನು ಹಿಗ್ಗಿಸಿದಷ್ಟೂ ದೋಷ ಇಳಿಯುತ್ತದೆ ಎಂದು ತೋರಿಸಿತು. ಎರಡೂ ಅತಿವಾಹಕ ಸರ್ಕ್ಯೂಟುಗಳು, ಅಂದರೆ ತೀರ ತಣ್ಣಗಾದಾಗ ವಿದ್ಯುತ್ತಿಗೆ ತಡೆಯೇ ಇಲ್ಲದ ಲೋಹದಿಂದ ಮಾಡಿದವು. ಸಿಲಿಕಾನಿನವರು ಇಪ್ಪತ್ತೈದು ವರ್ಷಗಳಿಂದ ‘ನಮ್ಮದು ಕಾರ್ಖಾನೆಗೆ ಹೊಂದುತ್ತದೆ’ ಎಂದು ಹೇಳಿಕೊಂಡೇ ಬಂದಿದ್ದಾರೆ. ಓಟದಲ್ಲಿ ಇಷ್ಟು ಹಿಂದಿರುವವರ ಮೇಲೆ ವಿದ್ಯಾರ್ಥಿಗಳು ಒಂದು ವರ್ಷವನ್ನು ಕಳೆಯಬೇಕೇ?

ನವನಗರದ ಮಾಸ್ತರ (ಬಾಗಲಕೋಟೆ)

ಓದುಗರು ಕೊಟ್ಟ ಅಂಕಿಗಳು ಸರಿಯಾಗಿವೆ, ಹಿಂದಿರುವುದೂ ನಿಜ. ಆದರೂ ಓಟದ ದೂರ ಎಷ್ಟೆಂಬುದನ್ನು ಗಮನಿಸಬೇಕು. 2048 ಬಿಟ್ಟಿನ ಆರ್‌ಎಸ್‌ಎ ಎಂಬ ಗೂಢಲಿಪಿಯ ಬೀಗವನ್ನು ಮುರಿಯಲು ಸುಮಾರು 2 ಕೋಟಿ ಕ್ಯೂಬಿಟ್‌ಗಳು ಬೇಕೆಂದು ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೋ 2019ರಲ್ಲಿ ಅಂದಾಜು ಮಾಡಿದ್ದರು. 2025ರಲ್ಲಿ ಗಿಡ್ನಿ ಅವರೇ ಅದನ್ನು 10 ಲಕ್ಷಕ್ಕಿಂತ ಕೆಳಗಿಳಿಸಿದರು. ಕ್ರಮವಿಧಿಗಳು ಹೀಗೆ ಸುಧಾರಿಸುತ್ತಲೇ ಇದ್ದರೂ ಮಾತು ಲಕ್ಷಗಳ ಮಟ್ಟದಲ್ಲೇ ಇದೆ. ಅಂದರೆ ನಮಗೆ ಬೇಕಾಗಿರುವುದು ಇಂದಿನ 12 ಮತ್ತು 1,121ರ ಹೋಲಿಕೆಗಿಂತ ಹತ್ತು ಲಕ್ಷದ ಹೋಲಿಕೆ.

ಅಲ್ಲಿ ಗಾತ್ರದ ಲೆಕ್ಕ ಬರುತ್ತದೆ. ಅತಿವಾಹಕ ಕ್ಯೂಬಿಟ್‌ಗಳು ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಕೂರುತ್ತವೆ ಎಂದಿಟ್ಟುಕೊಂಡರೆ, ಸಾವಿರ ಸಾಲು, ಸಾಲಿಗೆ ಸಾವಿರದಂತೆ ಹತ್ತು ಲಕ್ಷವನ್ನು ಹಾಸಲು ಮೀಟರು ಉದ್ದ, ಮೀಟರು ಅಗಲದ ಜಾಗ ಬೇಕು, ಅಷ್ಟನ್ನೂ ಸೊನ್ನೆ ಕೆಲ್ವಿನ್ನಿನ ಅಂಚಿನ ತಣ್ಪಿನಲ್ಲಿಡಬೇಕು. ಕ್ವಾಂಟಂ ಡಾಟುಗಳನ್ನು 100 ನ್ಯಾನೋಮೀಟರ್ ಅಂತರದಲ್ಲಿ ಹಾಸಿದರೆ ಅದೇ ಹತ್ತು ಲಕ್ಷ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಉದ್ದಗಲದ ಚೌಕದಲ್ಲಿ ಮುಗಿಯುತ್ತದೆ. ಅತಿವಾಹಕ ಮಾರ್ಗದವರು ಹಲವು ಚಿಪ್ಪುಗಳನ್ನು ಬೆಸೆಯುವ ಉಪಾಯದಲ್ಲಿದ್ದಾರೆ, ಅವರು ಗೆಲ್ಲಲೂಬಹುದು. ಆದರೆ ಸಿಲಿಕಾನಿನ ಪರವಾದ ವಾದ ಬರೀ ಹಳೆಯ ಪಲ್ಲವಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ವಿಜಯಪುರದ ವಿನ್ಯಾಸಕ

ಮಾಸ್ತರರ ಲೆಕ್ಕಕ್ಕೆ ಒಂದು ಎಚ್ಚರಿಕೆಯ ಮಾತು ಸೇರಿಸುತ್ತೇನೆ. ಅಷ್ಟು ಚಿಕ್ಕ ಚೌಕ ಎನ್ನುವುದೇ ಸಿಲಿಕಾನಿನ ವರವೂ ಹೌದು, ಶಾಪವೂ ಹೌದು. ಇಪ್ಪತ್ತು ಲಕ್ಷ ತಂತಿಗಳನ್ನು ಕೂದಲೆಳೆಯ ದಪ್ಪದಷ್ಟು ಜಾಗಕ್ಕೆ ಇಳಿಸುವುದು ಹೇಗೆ? ಇದಕ್ಕೆ ಎರಡು ಬಗೆಯ ಉತ್ತರಗಳಿವೆ.

ಒಂದನೆಯದು ಮೆಮೊರಿ ಚಿಪ್ಪಿನಿಂದ ಕಲಿತದ್ದು. ಅಡ್ಡಡ್ಡ ಸಾವಿರ, ಉದ್ದುದ್ದ ಸಾವಿರ ಗೆರೆಗಳನ್ನು ಎಳೆದರೆ ಎರಡು ಸಾವಿರ ತಂತಿಗಳಿಂದ ಹತ್ತು ಲಕ್ಷ ಸ್ಥಾನಗಳನ್ನು ಮುಟ್ಟಬಹುದು. ಡೆಲ್ಫ್ಟ್ ತಂಡದವರು ಈ ಬಗೆಯ ಕ್ರಾಸ್‌ಬಾರ್ ವಿನ್ಯಾಸವನ್ನು 2018ರಲ್ಲಿ ವಿವರವಾಗಿ ಮುಂದಿಟ್ಟಿದ್ದಾರೆ. ಆದರೆ ಗೆರೆಯನ್ನು ಹಂಚಿಕೊಂಡ ಡಾಟುಗಳೆಲ್ಲ ಒಂದೇ ವೋಲ್ಟೇಜನ್ನು ಉಣ್ಣಬೇಕಾದ್ದರಿಂದ, ಹಿಂದೆ ಹೇಳಿದ ಏಕರೂಪತೆಯ ಸಮಸ್ಯೆ ಇಲ್ಲಿ ನೇರವಾಗಿ ಎದುರಾಗುತ್ತದೆ. ಅದನ್ನು ತಪ್ಪಿಸಲು ಪ್ರತಿ ಡಾಟಿನ ಬಳಿ, ಕಂಪ್ಯೂಟರಿನ ಮೆಮೊರಿಯಾದ ಡಿರ‍್ಯಾಮ್‌ನಲ್ಲಿರುವಂತೆ ಒಂದು ಪುಟ್ಟ ಕೆಪಾಸಿಟರ್ ಮತ್ತು ಒಂದು ಟ್ರಾನ್ಸಿಸ್ಟರ್ ಇಟ್ಟು, ಆ ಡಾಟಿಗೆ ಬೇಕಾದ ವೋಲ್ಟೇಜನ್ನು ಅಲ್ಲೇ ತುಂಬಿಡುವ ಯೋಚನೆ 2017ರಲ್ಲೇ ಬಂದಿದೆ. ಅದರ ಕಷ್ಟವೆಂದರೆ 100 ನ್ಯಾನೋಮೀಟರಿನ ಜಾಗದಲ್ಲಿ ಅಷ್ಟೆಲ್ಲ ಹಿಡಿಸಬೇಕು, ಸೋರಿಹೋಗುವ ವೋಲ್ಟೇಜನ್ನು ಮತ್ತೆ ಮತ್ತೆ ತುಂಬುತ್ತಿರಬೇಕು.

ಎರಡನೆಯದು ಡಾಟುಗಳನ್ನು ಒತ್ತೊತ್ತಾಗಿ ಹಾಸದೆ ಸಣ್ಣ ಸಣ್ಣ ಗುಂಪುಗಳನ್ನಾಗಿ ಚದುರಿಸಿ, ನಡುವಿನ ಬಯಲಿನಲ್ಲಿ ನಿಯಂತ್ರಣದ ಸರ್ಕ್ಯೂಟುಗಳನ್ನು ಕೂರಿಸುವುದು. ಆಗ ಗುಂಪಿನಿಂದ ಗುಂಪಿಗೆ ಎಲೆಕ್ಟ್ರಾನನ್ನೇ, ಅದರ ಸ್ಪಿನ್ ಕೆಡದಂತೆ, ಗೇಟುಗಳ ವೋಲ್ಟೇಜಿನ ಅಲೆಯ ಮೇಲೆ ಸಾಗಿಸಬೇಕಾಗುತ್ತದೆ. ಡೆಲ್ಫ್ಟ್‌ನವರು ಎಲೆಕ್ಟ್ರಾನನ್ನು ಹಿಂದೆ ಮುಂದೆ ಓಡಾಡಿಸಿ ಒಟ್ಟು 10 ಮೈಕ್ರೋಮೀಟರ್ ದೂರವನ್ನು 200 ನ್ಯಾನೋಸೆಕೆಂಡಿನೊಳಗೆ, 99.5% ನಿಖರತೆಯಲ್ಲಿ ಕ್ರಮಿಸಿದ್ದಾರೆ. 100 ನ್ಯಾನೋಮೀಟರಿನ ಲೋಕದಲ್ಲಿ 10 ಮೈಕ್ರೋಮೀಟರ್ ಎಂದರೆ ನೂರು ಡಾಟುಗಳಷ್ಟು ಜಾಗ. ನನಗೆ ಹೆಚ್ಚು ಭರವಸೆ ಇರುವುದು ಈ ದಾರಿಯಲ್ಲಿ; ಒತ್ತಾಗಿ ಹಾಸಿದ ಚೌಕ ಕಾಗದದ ಮೇಲೆ ಚೆಂದ ಕಾಣಿಸುತ್ತದೆ, ತಯಾರಿಕೆಯಲ್ಲಿ ಅಲ್ಲ.

ಟಿಳಕವಾಡಿ ವಿದ್ಯಾರ್ಥಿನಿ (ಬೆಳಗಾವಿ)

ಸರ್, ನಡುವಿನ ಬಯಲಿನಲ್ಲಿ ಸರ್ಕ್ಯೂಟುಗಳನ್ನು ಇಟ್ಟರೆ ಅವು ಬಿಸಿಯಾಗುತ್ತವೆ. ಕ್ಯೂಬಿಟ್ ಇರುವುದು ಸೊನ್ನೆ ಕೆಲ್ವಿನ್ನಿನ ಹತ್ತಿರಕ್ಕೆ ತಣಿಸುವ ಡೈಲ್ಯೂಷನ್ ಫ್ರಿಜ್ಜಿನ ತಳದಲ್ಲಿ. ಎರಡೂ ಒಂದೇ ಚಿಪ್ಪಿನಲ್ಲಿ ಹೇಗೆ ಕೂಡುತ್ತವೆ?

ವಿಜಯಪುರದ ವಿನ್ಯಾಸಕ

ಕೂಡುವುದು ಕಷ್ಟ, ಅದಕ್ಕಾಗಿಯೇ ಫ್ರಿಜ್ಜಿನ ತಾಪಮಾನವನ್ನು ಏರಿಸುವ ಪ್ರಯತ್ನ ನಡೆದಿದೆ. ಡೈಲ್ಯೂಷನ್ ಫ್ರಿಜ್ 20 ಮಿಲಿಕೆಲ್ವಿನ್‌ನಲ್ಲಿ ಹೊರಹಾಕಬಲ್ಲ ಶಾಖ ಕೆಲವು ಹತ್ತು ಮೈಕ್ರೋವ್ಯಾಟ್ ಮಾತ್ರ. 4 ಕೆಲ್ವಿನ್ ಹಂತದಲ್ಲಿ ಅದು ಒಂದೆರಡು ವ್ಯಾಟ್. ನಿಯಂತ್ರಣಕ್ಕೆ ಕ್ಯೂಬಿಟ್ಟಿಗೆ ಒಂದು ಮಿಲಿವ್ಯಾಟ್ ಬೇಕೆಂದು ಲೆಕ್ಕ ಹಿಡಿದರೆ 4 ಕೆಲ್ವಿನ್‌ನಲ್ಲೂ ಒಂದೆರಡು ಸಾವಿರ ಕ್ಯೂಬಿಟ್ಟಿಗೇ ಶಕ್ತಿ ಮುಗಿಯಿತು. ಇಂಟೆಲ್ 2019ರಲ್ಲಿ ಪ್ರಕಟಿಸಿದ ‘ಹಾರ್ಸ್ ರಿಜ್’ ನಿಯಂತ್ರಣ ಚಿಪ್ಪನ್ನು ಕ್ಯೂಬಿಟ್‌ಗಳಿಂದ ಬೇರೆಯಾಗಿ, ಮೇಲಿನ ಹಂತದಲ್ಲಿ ಇಡುವಂತೆ ರೂಪಿಸಿದ್ದು ಈ ಕಾರಣಕ್ಕೆ.

2020ರಲ್ಲಿ ಸಿಡ್ನಿ ಮತ್ತು ಡೆಲ್ಫ್ಟ್ ತಂಡಗಳು 1 ಕೆಲ್ವಿನ್ನಿಗೂ ಮೇಲಿನ ತಾಪಮಾನದಲ್ಲಿ ಸಿಲಿಕಾನ್ ಕ್ಯೂಬಿಟ್‌ಗಳನ್ನು ನಡೆಸಿ ತೋರಿಸಿದವು. 1 ಕೆಲ್ವಿನ್ ಎಂದರೆ ನಮಗೆ ಏನೂ ಅಲ್ಲ, ಆದರೆ ಅಲ್ಲಿ ಶಾಖ ಹೊರಹಾಕುವ ಸಾಮರ್ಥ್ಯ ತಳದಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಇದರಲ್ಲಿನ ಭೌತಶಾಸ್ತ್ರವನ್ನು ಮಾಸ್ತರರು ಹೇಳಿದರೆ ಚೆನ್ನ.

ನವನಗರದ ಮಾಸ್ತರ (ಬಾಗಲಕೋಟೆ)

ಸಂಕ್ಷೇಪವಾಗಿ ಹೇಳುತ್ತೇನೆ. 1 ಟೆಸ್ಲಾ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನಿನ ಮೇಲ್ಮುಖ, ಕೆಳಮುಖ ಸ್ಪಿನ್ ಸ್ಥಿತಿಗಳ ಅಂತರ ಸುಮಾರು 28 ಗಿಗಾಹರ್ಟ್ಸ್. ತಾಪಮಾನದ ಭಾಷೆಯಲ್ಲಿ ಅದು 1.3 ಕೆಲ್ವಿನ್. ಹಳೆಯ ಓದುವ ವಿಧಾನದಲ್ಲಿ, ಮೇಲಿನ ಸ್ಥಿತಿಯಲ್ಲಿರುವ ಎಲೆಕ್ಟ್ರಾನ್ ಮಾತ್ರ ಗುಂಡಿಯಿಂದ ಹೊರಗೆ ಜಿಗಿಯುತ್ತದೆಯೇ ಎಂದು ನೋಡುತ್ತಿದ್ದರು. 1 ಕೆಲ್ವಿನ್ನಿನ ಬಿಸಿಯಲ್ಲಿ ಎರಡೂ ಸ್ಥಿತಿಯವು ಜಿಗಿಯುವುದರಿಂದ ಆ ವಿಧಾನ ಕೆಟ್ಟಿತು. ಅದರ ಬದಲು, ಪಕ್ಕದ ಡಾಟಿನ ಎಲೆಕ್ಟ್ರಾನಿನೊಡನೆ ಒಂದೇ ಗುಂಡಿಯಲ್ಲಿ ಕೂರಲು ಪೌಲಿ ನಿಯಮ (ಒಂದೇ ದಿಕ್ಕಿನ ಸ್ಪಿನ್ನಿನ ಎರಡು ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಕೂರಲಾರವು ಎಂಬುದು) ಅನುಮತಿಸುತ್ತದೆಯೇ ಇಲ್ಲವೇ ಎಂದು ನೋಡುವ ವಿಧಾನವನ್ನು ಹಿಡಿದರು. ಇದು ಕಾಂತಕ್ಷೇತ್ರದ ಅಂತರವನ್ನು ಅವಲಂಬಿಸಿಲ್ಲ. ಆದರೆ ಇದಕ್ಕೆ ಸಿಲಿಕಾನಿನಲ್ಲಿರುವ ‘ವ್ಯಾಲಿ’ ಎಂಬ ಜೋಡಿ ಸ್ಥಿತಿಗಳ ಶಕ್ತಿಯಂತರ ಸಾಕಷ್ಟು ದೊಡ್ಡದಿರಬೇಕು. ಆಕ್ಸೈಡಿಗೆ ತಾಗಿದ ಡಾಟುಗಳಲ್ಲಿ ಆ ಅಂತರ ದೊಡ್ಡದು, ಆದರೆ ಆಕ್ಸೈಡಿನ ಕಲ್ಮಷವೂ ಹತ್ತಿರ. ಸಿಲಿಕಾನ್-ಜರ್ಮೇನಿಯಂ ಪದರಗಳ ನಡುವೆ ಹುದುಗಿದ ಡಾಟುಗಳು ಆ ಕಲ್ಮಷದಿಂದ ದೂರ, ಆದರೆ ವ್ಯಾಲಿ ಅಂತರ ಚಿಕ್ಕದು, ಡಾಟಿನಿಂದ ಡಾಟಿಗೆ ಬದಲಾಗುವಂಥದ್ದು. ಎರಡರಲ್ಲಿ ಯಾವುದನ್ನು ಆರಿಸಿದರೂ ಏನೋ ಒಂದನ್ನು ಬಿಟ್ಟುಕೊಡಬೇಕು.

ಜಮಖಂಡಿ ಓದುಗ

ಗಾತ್ರದ ವಾದವನ್ನು ಒಪ್ಪುತ್ತೇನೆ. ಆದರೂ ನಿಜವಾದ ಕಾರ್ಖಾನೆಯಿಂದ ಹೊರಬಂದ ಚಿಪ್ಪು ಪ್ರಯೋಗಾಲಯದ ಚಿಪ್ಪಿನಷ್ಟೇ ಚೆನ್ನಾಗಿ ಕೆಲಸ ಮಾಡಿದೆಯೇ?

ವಿಜಯಪುರದ ವಿನ್ಯಾಸಕ

ಮಾಡಿದೆ. ಬೆಲ್ಜಿಯಂನ ಐಮೆಕ್ ಸಂಸ್ಥೆಯ 300 ಮಿಲಿಮೀಟರ್ ವೇಫರಿನಲ್ಲಿ (ಚಿಪ್ಪುಗಳನ್ನು ಕೊರೆಯುವ ಸಿಲಿಕಾನ್ ಬಿಲ್ಲೆಯಲ್ಲಿ) ತಯಾರಾದ ಡಾಟುಗಳಲ್ಲಿ ಎರಡು ಕ್ಯೂಬಿಟ್ ಗೇಟಿನ ನಿಖರತೆ 99%ವನ್ನು ಮೀರಿದೆ ಎಂದು ಸಿಡ್ನಿಯ ಡಿರಾಕ್ ಕಂಪನಿಯೊಡನೆ 2025ರಲ್ಲಿ ವರದಿ ಮಾಡಲಾಗಿದೆ. 2024ರಲ್ಲಿ ಇಂಟೆಲ್‌ನವರು ಇಡೀ ವೇಫರನ್ನೇ 1.6 ಕೆಲ್ವಿನ್ನಿಗೆ ತಣಿಸಿ, ಅದರ ಮೇಲಿನ ಡಾಟುಗಳನ್ನು ಸ್ವಯಂಚಾಲಿತವಾಗಿ ಅಳೆಯುವ ಯಂತ್ರದ ಫಲಿತಾಂಶಗಳನ್ನು ಪ್ರಕಟಿಸಿದರು. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡ ಸುದ್ದಿ. ಒಂದೊಂದೇ ಚಿಪ್ಪನ್ನು ಫ್ರಿಜ್ಜಿಗೆ ಇಳಿಸಿ ದಿನಗಟ್ಟಲೆ ಕಾಯುವವನಿಗೆ ತನ್ನ ರಿಜೆಕ್ಷನ್ ಎಷ್ಟೆಂಬುದೇ ತಿಳಿಯುವುದಿಲ್ಲ. ತಿಳಿಯದೆ ಅದನ್ನು ತಗ್ಗಿಸುವ ಮಾತೇ ಇಲ್ಲ.

ಟಿಳಕವಾಡಿ ವಿದ್ಯಾರ್ಥಿನಿ (ಬೆಳಗಾವಿ)

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಓದಿದ ಮೇಲೆ ಪ್ರಾಜೆಕ್ಟನ್ನು ಹೀಗೆ ರೂಪಿಸಬಹುದೆಂದುಕೊಂಡಿದ್ದೇನೆ. ಹಂಚಿಕೊಂಡ ಗೆರೆಗಳ ಒಂದು ಜಾಲ. ಪ್ರತಿ ಡಾಟಿನ ಕಿಂಡಿ ಸರಿಯಾದ ಜಾಗದಿಂದ ಎರಡೂ ಕಡೆ 25 ಮಿಲಿವೋಲ್ಟ್ ಅಗಲ ಎಂದು ಭಾವಿಸುವುದು. ಡಾಟಿನಿಂದ ಡಾಟಿಗಿರುವ ಏರುಪೇರನ್ನು ಬದಲಿಸುತ್ತ ಎಷ್ಟು ಡಾಟುಗಳು ಒಂದೇ ಎಲೆಕ್ಟ್ರಾನನ್ನು ಹಿಡಿದಿರುತ್ತವೆ ಎಂದು ಕಂಪ್ಯೂಟರಿನಲ್ಲಿ ನೋಡುವುದು. ಸುಮ್ಮನೆ ಗಂಟೆಯಾಕಾರದ ಹಂಚಿಕೆಯಿಂದ ಲೆಕ್ಕ ಹಾಕಿದಾಗ, ಏರುಪೇರಿನ ಪ್ರಮಾಣಿತ ವಿಚಲನೆಯೂ 25 ಮಿಲಿವೋಲ್ಟ್ ಆದರೆ 68% ಡಾಟುಗಳು ಮಾತ್ರ ಸರಿ ಇರುತ್ತವೆ. ಅದನ್ನು ಅರ್ಧಕ್ಕಿಳಿಸಿದರೆ 95%, ಮೂರನೆಯ ಒಂದು ಭಾಗಕ್ಕಿಳಿಸಿದರೆ 99.7%. ಹತ್ತು ಲಕ್ಷದ ಜಾಲದಲ್ಲಿ ಕೊನೆಯದರಲ್ಲೂ ಸುಮಾರು ಮೂರು ಸಾವಿರ ಡಾಟುಗಳು ಕೆಟ್ಟಿರುತ್ತವೆ. ಇದನ್ನು ದೋಷ ತಿದ್ದುಪಡಿ ತಾಳಿಕೊಳ್ಳುತ್ತದೆಯೇ?

ಇನ್ನೊಂದು ಪ್ರಶ್ನೆ: ಇಂಥದ್ದನ್ನು ನಮ್ಮ ದೇಶದಲ್ಲಿ ಮಾಡಿ ನೋಡುವ ಜಾಗ ಇದೆಯೇ?

ನವನಗರದ ಮಾಸ್ತರ (ಬಾಗಲಕೋಟೆ)

ಚದುರಿದಂತೆ ಸಾವಿರಕ್ಕೆ ಮೂರು ಸ್ಥಾನ ಸತ್ತಿದ್ದರೆ ಸರ್ಫೇಸ್ ಕೋಡ್ ಅವುಗಳನ್ನು ಬಿಟ್ಟು ಸುತ್ತಿಕೊಂಡು ಹೋಗಬಲ್ಲದು, ಒಂದಷ್ಟು ಹೆಚ್ಚುವರಿ ಕ್ಯೂಬಿಟ್‌ಗಳ ತೆರಿಗೆ ಕಟ್ಟಬೇಕಾಗುತ್ತದೆ ಅಷ್ಟೆ. 68% ಎಂದರೆ ಜಾಲವೇ ಹರಿದು ಹೋಯಿತು.

ಜಾಗದ ಮಾತು. ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ ₹6,003.65 ಕೋಟಿ ಇದ್ದು, ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯೂಬಿಟ್ಟಿನ ಗುರಿ ಇದೆ. ಅದರ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಲ್ಲಿನ ನ್ಯಾನೋ ವಿಜ್ಞಾನ ಕೇಂದ್ರದ ಸ್ವಚ್ಛಕೊಠಡಿಯಲ್ಲಿ ಹೊರಗಿನ ಕಾಲೇಜಿನವರಿಗೂ ತರಬೇತಿ ಕೊಡುವ ಐಎನ್‌ಯುಪಿ ಎಂಬ ಯೋಜನೆ ಇದೆ, ಅರ್ಜಿ ಹಾಕಿ ನೋಡು ತಂಗೀ.

ವಿಜಯಪುರದ ವಿನ್ಯಾಸಕ

ಮೊಹಾಲಿಯ ಸೆಮಿಕಂಡಕ್ಟರ್ ಪ್ರಯೋಗಾಲಯದ್ದು 180 ನ್ಯಾನೋಮೀಟರ್ ತಂತ್ರಜ್ಞಾನ. ಡಾಟುಗಳಿಗೆ ಅದು ತೀರ ದಪ್ಪವಾಯಿತು, ಆದರೆ 4 ಕೆಲ್ವಿನ್‌ನಲ್ಲಿ ಕೆಲಸ ಮಾಡುವ ನಿಯಂತ್ರಣ ಸರ್ಕ್ಯೂಟಿಗೆ ಅಡ್ಡಿಯಿಲ್ಲ. ಅಲ್ಲೊಂದು ಹೊಲ ಇನ್ನೂ ಬೀಳು ಬಿದ್ದಿದೆ: ವಿನ್ಯಾಸಕರು ಬಳಸುವ ಟ್ರಾನ್ಸಿಸ್ಟರ್ ಮಾದರಿಗಳು ಸಾಮಾನ್ಯವಾಗಿ −40ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ನಂಬಲರ್ಹ. 4 ಕೆಲ್ವಿನ್‌ನಲ್ಲಿ ಥ್ರೆಶೋಲ್ಡ್ ಏರುತ್ತದೆ, ಎಲೆಕ್ಟ್ರಾನುಗಳ ಚಲನೆ ಸಲೀಸಾಗುತ್ತದೆ, ಸ್ವಿಚ್ಚು ಮುಚ್ಚಿಕೊಳ್ಳುವ ಚುರುಕು ಮಾತ್ರ ಸೂತ್ರ ಹೇಳಿದಷ್ಟು ಏರುವುದಿಲ್ಲ.

ಉದ್ಯಮಬಾಗ (ಬೆಳಗಾವಿ)

ತಂಗೀ, ನಿನ್ನ ಲೆಕ್ಕದಲ್ಲಿ ಒಂದು ಸಂದೇಹ. ನೀನು ಏರುಪೇರನ್ನು ಎಲ್ಲೆಂದರಲ್ಲಿ ಚೆಲ್ಲಿದಂತೆ ಹಿಡಿದಿದ್ದೀಯ. ನಮ್ಮ ಅನುಭವದಲ್ಲಿ ರಿಜೆಕ್ಷನ್ ಹಾಗೆ ಬರುವುದಿಲ್ಲ. ಒಂದು ಮೂಲೆಯಲ್ಲಿ ಉಷ್ಣ ಕಡಿಮೆಯಾದರೆ ಆ ಮೂಲೆಯದ್ದೆಲ್ಲ ಹೋಗುತ್ತದೆ.

ವಿಜಯಪುರದ ವಿನ್ಯಾಸಕ

ಅಣ್ಣಾವರ ಮಾತನ್ನು ಮಾದರಿಯಲ್ಲಿ ಸೇರಿಸಲೇಬೇಕು. ವೇಫರಿನ ನಡುವಿನಿಂದ ಅಂಚಿಗೆ ಹೋದಂತೆ ಆಕ್ಸೈಡಿನ ದಪ್ಪ ನಿಧಾನವಾಗಿ ಬದಲಾಗುತ್ತದೆ. ಅದು ಒಂದು ಬಗೆಯ ಏರುಪೇರು. ಸಿಕ್ಕಿಬಿದ್ದ ವಿದ್ಯುದಂಶದಿಂದ ಬರುವುದು ಇನ್ನೊಂದು ಬಗೆ, ಅದು ಎಲ್ಲೆಂದರಲ್ಲಿ ಬರುತ್ತದೆ. ಮೊದಲನೆಯದಕ್ಕೆ ಗೆರೆಗೊಂದು ವೋಲ್ಟೇಜ್ ತಿದ್ದುಪಡಿ ಸಾಕು. ಎರಡನೆಯದಕ್ಕೆ ಡಾಟಿಗೊಂದು ಬೇಕು. ಇವೆರಡನ್ನೂ ಬೇರೆ ಬೇರೆ ಅಂಕಿಗಳಾಗಿ ಇಟ್ಟುಕೊಂಡರೆ ನಿಮ್ಮ ಪ್ರಾಜೆಕ್ಟು ಕ್ರಾಸ್‌ಬಾರ್ ಸಾಕೇ, ಅಥವಾ ಡಿರ‍್ಯಾಮ್ ಬಗೆಯ ಕೆಪಾಸಿಟರ್ ಬೇಕೇ ಎಂಬುದಕ್ಕೆ ಅಂಕಿಯಲ್ಲೇ ಉತ್ತರ ಕೊಡಬಲ್ಲದು.

ಟಿಳಕವಾಡಿ ವಿದ್ಯಾರ್ಥಿನಿ (ಬೆಳಗಾವಿ)

ಹಾಗಾದರೆ 32 ಅಡ್ಡಸಾಲು, 32 ಕಂಬಸಾಲಿನ ಜಾಲದಿಂದ ಆರಂಭಿಸಿ, ಮೊದಲು ಗೆರೆಯ ತಿದ್ದುಪಡಿಯನ್ನಷ್ಟೇ ಇಟ್ಟು ಓಡಿಸುತ್ತೇನೆ. ಫಲಿತಾಂಶದ ನಕ್ಷೆಗಳನ್ನು ಇಲ್ಲೇ ಹಾಕುತ್ತೇನೆ. ಕೆಟ್ಟ ಡಾಟುಗಳು ಗುಂಪಾಗಿ ಬೀಳುತ್ತವೆಯೋ ಚದುರಿ ಬೀಳುತ್ತವೆಯೋ ಎಂದು ಉದ್ಯಮಬಾಗದ ಅಣ್ಣಾವರು ನೋಡಿ ಹೇಳಬೇಕು.